ಸಿಂಗಿಂಗ್ ಬೌಲ್ ಕೊಳ್ಳುವ, ನುಡಿಸುವ, ಧ್ಯಾನಕ್ಕೆ ಬಳಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಿಂಗ್ ಬೌಲ್ ಅಂದರೆ ನಿಜಕ್ಕೂ ಏನು?

ಬಾಯಿ ಮೇಲೆ ಮಾಡಿ ಕೂರಿಸಿದ, ಬಟ್ಟಲಿನಾಕಾರದ ಕಂಚಿನ ಗಂಟೆ. ದೇವಸ್ಥಾನದ ಗಂಟೆಯನ್ನು ನೆತ್ತಿಯಿಂದ ತೂಗುಹಾಕುತ್ತಾರೆ, ಇದನ್ನು ತಳದ ಮೇಲೆ ಇಡುತ್ತಾರೆ. ಎರಡರಲ್ಲೂ ಹೆಚ್ಚು ಕಂಪಿಸುವುದು ಬಾಯಂಚು. ಒಳಗೆ ನಾಲಗೆ ಇಲ್ಲದ್ದರಿಂದ ಹೊರಗಿನಿಂದ ಕೋಲಿನಲ್ಲಿ ಬಡಿಯಬೇಕು, ಇಲ್ಲವೇ ಕೋಲನ್ನು ಅಂಚಿಗೆ ಒತ್ತಿ ಸುತ್ತಲೂ ಎಳೆಯಬೇಕು. ಬಡಿದರೆ ಒಮ್ಮೆ ಮೊಳಗಿ ನಿಧಾನವಾಗಿ ಕುಗ್ಗುತ್ತದೆ. ಉಜ್ಜಿದರೆ ಕೈ ನಿಲ್ಲಿಸುವವರೆಗೂ ನಾದ ತುಂಬುತ್ತಾ ಹೋಗುತ್ತದೆ.

ಇದು ಟಿಬೆಟ್ಟಿನದೇ?

ಅಂಗಡಿಯ ಫಲಕ ಹಾಗೆ ಹೇಳುತ್ತದೆ. ಆದರೆ ಇಂದು ಮಾರಾಟವಾಗುವ, ಸುತ್ತಿಗೆಯಿಂದ ಬಡಿದು ಮಾಡಿದ ಬಟ್ಟಲುಗಳಲ್ಲಿ ಹೆಚ್ಚಿನವು ನೇಪಾಳದ ಕಠ್ಮಂಡು ಕಣಿವೆಯಲ್ಲಿ, ಮುಖ್ಯವಾಗಿ ಪಾಟನ್ ಸುತ್ತಮುತ್ತ ತಯಾರಾಗುತ್ತವೆ. ಭಾರತದಲ್ಲೂ ಸಾಕಷ್ಟು ಮಾಡುತ್ತಾರೆ. ಹಳೆಯ ಬಟ್ಟಲುಗಳು ಬಹುಪಾಲು ಹಿಮಾಲಯದ ಮನೆಗಳಲ್ಲಿ ಊಟಕ್ಕೆ, ದವಸ ಇಡುವುದಕ್ಕೆ ಬಳಸುತ್ತಿದ್ದ ಕಂಚಿನ ಪಾತ್ರೆಗಳು. ನೇಪಾಳಿ ಹೆಸರುಗಳಲ್ಲೂ ಪಾತ್ರೆಯೇ ಕಾಣುತ್ತದೆ: ನೆಟ್ಟಗಿನ ಗೋಡೆಯದು ಥಾಡೋಬಾಟಿ, ದೊಡ್ಡ ಹೊಟ್ಟೆಯದು ಜಾಂಬಾಟಿ, ಅಂಚು ಒಳಗೆ ಮಡಿದದ್ದು ಉಲ್ಟಾಬಾಟಿ.

ಧ್ಯಾನದ ಸಾಧನವಾಗಿ ಇದರ ಖ್ಯಾತಿ ಐವತ್ತು ಚಿಲ್ಲರೆ ವರ್ಷದ್ದು. 1959ರ ನಂತರ ಟಿಬೆಟ್ಟಿನ ನಿರಾಶ್ರಿತರು ನೇಪಾಳಕ್ಕೂ ಭಾರತಕ್ಕೂ ಬಂದರು. ಅದರ ಬೆನ್ನಿಗೇ ಯುರೋಪ್, ಅಮೆರಿಕದ ಯುವಕರು ಕಠ್ಮಂಡುವಿಗೆ ಬರತೊಡಗಿದರು. 1972ರಲ್ಲಿ ಹೆನ್ರಿ ವೂಲ್ಫ್ ಮತ್ತು ನ್ಯಾನ್ಸಿ ಹೆನಿಂಗ್ಸ್ ಹೊರತಂದ ‘ಟಿಬೆಟನ್ ಬೆಲ್ಸ್’ ಧ್ವನಿಮುದ್ರಿಕೆ ಈ ನಾದವನ್ನು ಆ ದೇಶಗಳಿಗೆ ಪರಿಚಯಿಸಿತು. ಯೋಗ ಸ್ಟುಡಿಯೋ, ಸ್ಪಾಗಳಲ್ಲಿ ಸಿಗುವ ‘ಸೌಂಡ್ ಬಾತ್’, ಅಂದರೆ ಮಲಗಿ ಬಟ್ಟಲುಗಳ ನಾದ ಕೇಳುವ ಕಾರ್ಯಕ್ರಮ, ಅದರ ನಂತರದ ಬೆಳವಣಿಗೆ. ಇದರಿಂದ ಬಟ್ಟಲಿನ ಗುಣಕ್ಕೇನೂ ಕುಂದಿಲ್ಲ. ಆದರೆ ‘ಸಾವಿರಾರು ವರ್ಷಗಳ ಲಾಮಾಗಳ ಗುಪ್ತವಿದ್ಯೆ’ ಎಂಬ ಮಾತಿಗಾಗಿ ಹೆಚ್ಚು ದುಡ್ಡು ತೆರಬೇಕಾಗಿಲ್ಲ.

ಬೈಲಕುಪ್ಪೆ, ಮುಂಡಗೋಡದ ಮಠಗಳಲ್ಲಿ ಇದನ್ನು ಬಳಸುತ್ತಾರಾ?

ಪೂಜಾವಿಧಿಯಲ್ಲಿ ಇದಕ್ಕೆ ಸ್ಥಾನವಿಲ್ಲ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಅಥವಾ ಸೆರಾ ಮಠದಲ್ಲಿ, ಮುಂಡಗೋಡದ ಡ್ರೆಪುಂಗ್, ಗಾಂಡೆನ್ ಮಠಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಹೋದರೆ ನಿಮಗೆ ಕೇಳುವುದು ದ್ರಿಲ್ಬು ಎಂಬ ಕೈಗಂಟೆ, ರೋಲ್ಮೊ ಎಂಬ ದೊಡ್ಡ ತಾಳ, ಡೋಲು, ಗ್ಯಾಲಿಂಗ್ ಎಂಬ ಓಲಗದ ಜಾತಿಯ ವಾದ್ಯ, ದುಂಗ್‌ಚೆನ್ ಎಂಬ ಉದ್ದದ ಕಹಳೆ. ಬಲಿಪೀಠದ ಮುಂದೆ ಸಾಲಾಗಿ ಇಟ್ಟ ಏಳು ಬಟ್ಟಲುಗಳನ್ನು ನೋಡಿ ಹಲವರು ಇವೇ ಸಿಂಗಿಂಗ್ ಬೌಲ್ ಅಂದುಕೊಳ್ಳುತ್ತಾರೆ. ಅವು ನೀರು ಅರ್ಪಿಸುವ ಬಟ್ಟಲುಗಳು, ಅವನ್ನು ನುಡಿಸುವುದಿಲ್ಲ. ಮಠದ ಹೊರಗಿನ ಅಂಗಡಿಗಳಲ್ಲಿ ಸಿಂಗಿಂಗ್ ಬೌಲ್ ಧಾರಾಳವಾಗಿ ಸಿಗುತ್ತದೆ, ಅದು ವ್ಯಾಪಾರದ ಮಾತು.

ಬಟ್ಟಲಿನಂಥ ಗಂಟೆಯನ್ನು ವಿಧಿಯಲ್ಲೇ ಬಳಸುವ ಬೌದ್ಧ ಪರಂಪರೆ ಬೇಕಿದ್ದರೆ ಜಪಾನಿನ ಕಡೆ ನೋಡಬೇಕು. ಅಲ್ಲಿ ಚಿಕ್ಕದಕ್ಕೆ ರಿನ್, ದೊಡ್ಡದಕ್ಕೆ ಕೆಯ್ಸು ಎನ್ನುತ್ತಾರೆ, ದಿಂಬಿನ ಮೇಲಿಟ್ಟು ಬಡಿಯುತ್ತಾರೆ. ಝೆನ್ ಸಭಾಂಗಣಗಳಲ್ಲಿ ಕುಳಿತ ಧ್ಯಾನ ಶುರುವಾಗುವಾಗ ಮೂರು ಬಡಿತ, ನಡಿಗೆಯ ಧ್ಯಾನಕ್ಕೆ ಏಳುವಾಗ ಎರಡು, ಮುಗಿಸಲು ಒಂದು ಎಂಬ ಕ್ರಮವಿದೆ.

‘ಏಳು ಲೋಹಗಳಿಂದ ಮಾಡಿದ್ದು’ ಎನ್ನುತ್ತಾರಲ್ಲ?

ಚಿನ್ನ, ಬೆಳ್ಳಿ, ಪಾದರಸ, ತಾಮ್ರ, ಕಬ್ಬಿಣ, ತವರ, ಸೀಸ ಎಂದು ಏಳು ಗ್ರಹಗಳಿಗೆ ಏಳು ಲೋಹ ಹೊಂದಿಸುವುದು ಮಾರಾಟದ ಕಥೆ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಒಳ್ಳೆಯ ಬಟ್ಟಲುಗಳಲ್ಲಿ ಸಿಕ್ಕಿದ್ದು ಮುಖ್ಯವಾಗಿ ಎರಡೇ: ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಉಳಿದವೆಲ್ಲ ಅದಿರಿನ ಜೊತೆ ಬಂದ ಕಲಬೆರಕೆಯ ಮಟ್ಟದಲ್ಲಿ. ಪಾದರಸದ ವಿಚಾರ ಯೋಚಿಸಿದರೇ ತಿಳಿಯುತ್ತದೆ: ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾದರಸ 357 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಮೂಸೆಯಲ್ಲಿ ಅದು ಉಳಿಯುವುದಾದರೂ ಹೇಗೆ?

ನಮ್ಮ ಕಂಚುಗಾರರು ಊಟದ ತಟ್ಟೆಗೆ, ಜಾಗಟೆಗೆ ಬಳಸುವುದೂ ಇದೇ ಕುಲದ ಲೋಹ. ತವರ ಹೆಚ್ಚಿದಷ್ಟೂ ಕಂಚು ಗಡುಸಾಗಿ ಹೆಚ್ಚು ಹೊತ್ತು ಮೊಳಗುತ್ತದೆ, ಅಷ್ಟೇ ಬೇಗ ಒಡೆಯುತ್ತದೆ.

ಕೈಯಲ್ಲಿ ಬಡಿದದ್ದಕ್ಕೂ ಮೆಷಿನ್‌ನಲ್ಲಿ ಮಾಡಿದ್ದಕ್ಕೂ ಏನು ವ್ಯತ್ಯಾಸ?

ಕೈಕೆಲಸದಲ್ಲಿ ಮೊದಲು ಕಂಚನ್ನು ದಪ್ಪ ಬಿಲ್ಲೆಯಾಗಿ ಎರಕ ಹೊಯ್ಯುತ್ತಾರೆ. ಬಿಲ್ಲೆಯನ್ನು ಕೆಂಪಗೆ ಕಾಯಿಸಿ, ಇಬ್ಬರು ಮೂವರು ಸರದಿಯಲ್ಲಿ ಸುತ್ತಿಗೆಯಿಂದ ಬಡಿದು ತೆಳುವಾಗಿಸುತ್ತಾರೆ. ಹಲವು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಒಟ್ಟಿಗೇ ಬಡಿಯುವುದೂ ಉಂಟು. 22 ಪಾಲು ತವರವಿರುವ ಕಂಚು ಸುತ್ತಿಗೆ ಏಟು ತಾಳುವುದು ಕೆಂಪಗಿರುವಾಗ ಮಾತ್ರ, ಅಂದರೆ ಸುಮಾರು 600ರಿಂದ 750 ಡಿಗ್ರಿಯವರೆಗೆ. ಬಣ್ಣ ಮಂಕಾದ ಕೂಡಲೇ ಮತ್ತೆ ಒಲೆಗೆ ಹಾಕಬೇಕು, ತಡಮಾಡಿ ಬಡಿದರೆ ಸೀಳುತ್ತದೆ. ಲೋಹದ ಕೆಂಪು ಸರಿಯಾಗಿ ಕಾಣಲೆಂದೇ ಕುಲುಮೆಯ ಕೋಣೆಯನ್ನು ಕತ್ತಲಾಗಿ ಇಡುತ್ತಾರೆ.

ಕೊನೆಗೆ ಕೆಂಪಗಿರುವಾಗಲೇ ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹೀಗೆ ಅದ್ದಿದರೆ ಪೆಡಸಾಗುತ್ತದೆ, ಈ ಕಂಚಿನಲ್ಲಿ ಆಗುವುದು ತದ್ವಿರುದ್ಧ. ಸುಮಾರು 586 ಡಿಗ್ರಿಗಿಂತ ಕೆಳಗೆ ನಿಧಾನವಾಗಿ ಆರಲು ಬಿಟ್ಟರೆ ಒಳಗಿನ ಹರಳು ರಚನೆ ಬದಲಾಗಿ ಪೆಡಸಾಗುತ್ತದೆ, ತಟ್ಟನೆ ತಣಿಸಿದರೆ ಕಾದಾಗಿನ ರಚನೆಯೇ ಉಳಿಯುತ್ತದೆ. ಆಮೇಲೆ ಕೆರೆದು, ಉಜ್ಜಿ, ಅಂಚು ಸಮ ಮಾಡುತ್ತಾರೆ.

ಮೆಷಿನ್ ಬಟ್ಟಲುಗಳು ಸಾಮಾನ್ಯವಾಗಿ ಎರಕ ಹೊಯ್ದು ಲೇತ್‌ನಲ್ಲಿ ಕಡೆದವು, ಹಲವು ಹಿತ್ತಾಳೆಯವು, ಅಂದರೆ ತವರದ ಬದಲು ಸತು. ಗೋಡೆ ದಪ್ಪ, ನಾದ ಒಂದೇ ಎಳೆ, ಬೇಗ ಮುಗಿಯುತ್ತದೆ. ಉಜ್ಜುವುದನ್ನು ಕಲಿಯಲು ಇದೇನೂ ಕೆಟ್ಟದ್ದಲ್ಲ, ಅಂಚು ನುಣುಪಾಗಿರುವುದರಿಂದ ಸುಲಭವಾಗಿ ಹಾಡುತ್ತದೆ. ಕೇಳುತ್ತಾ ಕೂರುವುದಕ್ಕೆ ಬೇಕೆಂದರೆ ಕೈಯಲ್ಲಿ ಬಡಿದ ಕಂಚನ್ನೇ ಹುಡುಕಿ. ಒಂದು ಎಚ್ಚರ: ಎರಕದ ಬಟ್ಟಲಿನ ಮೈಮೇಲೆ ಸುತ್ತಿಗೆ ಗುರುತನ್ನು ಬೇಕೆಂದೇ ಒತ್ತಿ ಮಾರುತ್ತಾರೆ. ನಿಜವಾದ ಬಡಿತದ ಗುರುತು ಒಳಗೂ ಹೊರಗೂ ಇರುತ್ತದೆ, ಗಾತ್ರದಲ್ಲಿ ಹೆಚ್ಚುಕಮ್ಮಿ ಇರುತ್ತದೆ. ಅಚ್ಚುಕಟ್ಟಾಗಿ ಸಾಲುಗಟ್ಟಿದ್ದರೆ ಅನುಮಾನಿಸಿ.

ನಾದ ‘ವೋಂ ವೋಂ’ ಎಂದು ಅಲೆಅಲೆಯಾಗಿ ಬರುವುದು ಯಾಕೆ?

ಬಡಿದಾಗ ದುಂಡಗಿನ ಬಾಯಿ ಒಮ್ಮೆ ಒಂದು ಕಡೆಗೆ, ಇನ್ನೊಮ್ಮೆ ಅದಕ್ಕೆ ಅಡ್ಡವಾಗಿ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಅಂಚಿನಲ್ಲಿ ನಾಲ್ಕು ಕಡೆ ಹೆಚ್ಚು ಅಲುಗಾಟ, ನಡುವಿನ ನಾಲ್ಕು ಕಡೆ ಬಹುತೇಕ ನಿಶ್ಚಲ. ಬಟ್ಟಲು ಎಲ್ಲ ಕಡೆ ಒಂದೇ ದಪ್ಪವಿದ್ದರೆ ಯಾವ ದಿಕ್ಕಿಗೆ ಹಿಗ್ಗಿದರೂ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ (ಹರ್ಟ್ಜ್) ಎಂಬುದು, ಒಂದೇ. ಕೈಯಲ್ಲಿ ಬಡಿದದ್ದು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಒಂದು ದಿಕ್ಕಿನಲ್ಲಿ 200 ಹರ್ಟ್ಜ್, ಇನ್ನೊಂದರಲ್ಲಿ 202 ಇದ್ದರೆ ಎರಡೂ ಬೆರೆತು ಸೆಕೆಂಡಿಗೆ ಎರಡು ಬಾರಿ ನಾದ ಏರಿಳಿಯುತ್ತದೆ. ಅಂದರೆ ನಾವು ಮೆಚ್ಚುವ ಮಿಡಿತ ಕೈಕೆಲಸದ ಒರಟಿನಿಂದಲೇ ಬಂದದ್ದು. ಅಂಚನ್ನು ಸುತ್ತಲೂ ಹಲವು ಕಡೆ ತಟ್ಟಿ ನೋಡಿ: ಕೆಲವು ಕಡೆ ಮಿಡಿತ ಸ್ಪಷ್ಟ, ಕೆಲವು ಕಡೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಿಮಗೆ ಹಿಡಿಸಿದ ಜಾಗಕ್ಕೆ ಹೊರಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಉಜ್ಜುವಾಗಿನ ಕ್ರಿಯೆ ಪಿಟೀಲಿನ ಕಮಾನಿನದೇ. ಕೋಲು ಅಂಚಿಗೆ ಒಂದು ಕ್ಷಣ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಕಂಪನದ ವಿನ್ಯಾಸ ಕೋಲಿನ ಜೊತೆಗೇ ಸುತ್ತುವುದರಿಂದ ಎಲ್ಲ ಕಡೆ ಸಮವಾಗಿರುವ ಬಟ್ಟಲಲ್ಲೂ ಆಗ ಮಿಡಿತ ಕೇಳುತ್ತದೆ.

ಮೊದಲ ಬಟ್ಟಲು ಎಷ್ಟು ದೊಡ್ಡದಿರಬೇಕು?

ಒಂಟಿಯಾಗಿ ಧ್ಯಾನ ಮಾಡುವವರಿಗೆ 16ರಿಂದ 20 ಸೆಂಟಿಮೀಟರ್ ಅಗಲದ್ದು, ಸುಮಾರು 700 ಗ್ರಾಂನಿಂದ 1.3 ಕೆ.ಜಿ. ತೂಕದ್ದು ಸರಿ. ನಾದ ತಗ್ಗಿನಲ್ಲಿರುತ್ತದೆ, ಕೋಣೆ ತುಂಬುತ್ತದೆ, ಒಂದೇ ಕೈಯಲ್ಲಿ ಹಿಡಿಯಲೂ ಆಗುತ್ತದೆ. 10–12 ಸೆಂಟಿಮೀಟರಿನದು ಅಗ್ಗ, ಚೀಲದಲ್ಲಿ ಹಿಡಿಸುತ್ತದೆ, ಆದರೆ ಶ್ರುತಿ ಎತ್ತರ. ತರಗತಿ ಶುರುಮಾಡಲು, ಮುಗಿಸಲು ಚೆನ್ನ; ಹತ್ತು ನಿಮಿಷ ಅದನ್ನೇ ಕೇಳಿದರೆ ಕಿವಿಗೆ ಚುಚ್ಚುತ್ತದೆ. 25 ಸೆಂಟಿಮೀಟರ್ ದಾಟಿದ್ದು ಎರಡು ಕೆ.ಜಿ.ಗೂ ಮೇಲೆ ತೂಗುತ್ತದೆ, ನೆಲದ ಮೇಲಿಟ್ಟೇ ನುಡಿಸಬೇಕು.

ಅಗಲ ಹೆಚ್ಚಿದರೆ ಶ್ರುತಿ ಇಳಿಯುತ್ತದೆ, ಗೋಡೆ ದಪ್ಪವಾದರೆ ಏರುತ್ತದೆ. ಆದ್ದರಿಂದ ಒಂದೇ ಅಗಲದ ಎರಡು ಬಟ್ಟಲುಗಳಲ್ಲಿ ಹಗುರಾದದ್ದರ ನಾದ ತಗ್ಗಿರುತ್ತದೆ. ‘ಭಾರವಾದಷ್ಟೂ ಗಂಭೀರ ನಾದ’ ಎಂದು ಅಂಗಡಿಯವರು ಹೇಳಿದರೆ ತಟ್ಟಿಯೇ ನೋಡಿ. ತೂಕದ ಲೆಕ್ಕದಲ್ಲಿ ಮಾರುವವರಿಗೆ ಆ ಮಾತು ಲಾಭದ್ದು.

ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ?

ಬಟ್ಟಲನ್ನು ಸಿಂಬೆಯ ಮೇಲೋ ಚಪ್ಪಟೆ ಅಂಗೈ ಮೇಲೋ ಇಟ್ಟು, ಬಟ್ಟೆ ಅಥವಾ ಚರ್ಮ ಸುತ್ತಿದ ಕೋಲಿನಿಂದ ಅಂಚಿನ ಸ್ವಲ್ಪ ಕೆಳಗೆ ಮೆಲ್ಲಗೆ ತಟ್ಟಿ, ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ. ಕೈಯಲ್ಲಿ ಬಡಿದ 18 ಸೆಂಟಿಮೀಟರಿನ ಒಳ್ಳೆಯ ಬಟ್ಟಲು ಸದ್ದಿಲ್ಲದ ಕೋಣೆಯಲ್ಲಿ ಮುಕ್ಕಾಲು ನಿಮಿಷವಾದರೂ ಕೇಳಬೇಕು. 15 ಸೆಕೆಂಡಿಗೇ ಸತ್ತರೆ ಹಿತ್ತಾಳೆಯೋ ಬಿರುಕೋ ಇರಬಹುದು. ಬೀದಿ ಬದಿಯ ಗದ್ದಲದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅಂಗಡಿಯ ಒಳಕೋಣೆ ಕೇಳಿ.

ಆಮೇಲೆ ಅಂಚಿನ ಸುತ್ತ ಎಂಟು ಹತ್ತು ಕಡೆ ತಟ್ಟಿ. ಎಲ್ಲಾದರೂ ‘ಝರ್’ ಎಂಬ ಒರಟು ಬಂದರೆ ಬಿಟ್ಟುಬಿಡಿ. ಬಟ್ಟಲನ್ನು ಬೆಳಕಿಗೆ ಎತ್ತಿ ಅಂಚನ್ನೂ ತಳ ತಿರುಗುವ ಜಾಗವನ್ನೂ ನೋಡಿ, ಬಿರುಕು ಶುರುವಾಗುವುದು ಅಲ್ಲೇ. ಒಳಗೆ ಬಣ್ಣ ಬಳಿದು ಮಂತ್ರ, ಬುದ್ಧನ ಚಿತ್ರ ಬರೆದದ್ದು ನೋಡಲು ಚೆಂದ. ಆದರೆ ದಪ್ಪ ಬಣ್ಣ ನಾದವನ್ನು ತಿನ್ನುತ್ತದೆ, ಬಿರುಕನ್ನೂ ಮುಚ್ಚುತ್ತದೆ. ‘ಪುರಾತನ’ ಎಂದು ಕಪ್ಪಗೆ ಮಾಡಿ ಮಾರುವುದು ಮಾಮೂಲು. ನಿಜವಾಗಿ ಬಳಸಿದ ಪಾತ್ರೆಯ ಅಂಚು, ತಳ ಸವೆದಿರುತ್ತವೆ. ಸವೆತವೇ ಇಲ್ಲದೆ ಎಲ್ಲ ಕಡೆ ಸಮವಾಗಿ ಕಪ್ಪಿದ್ದರೆ ಅದು ಮಸಿ. ‘ಹುಣ್ಣಿಮೆ ರಾತ್ರಿ ಮಾಡಿದ್ದು’ ಎಂಬುದನ್ನು ಪರೀಕ್ಷಿಸುವ ದಾರಿಯೇ ಇಲ್ಲ, ಅದಕ್ಕೆ ಬೇರೆ ಬೆಲೆ ಕೊಡಬೇಡಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ನಿಮಗೆ ಕಳಿಸುವ ಅದೇ ಬಟ್ಟಲಿನ ಧ್ವನಿಮುದ್ರಣ, ಅಗಲ, ತೂಕ ಮೂರನ್ನೂ ಕೇಳಿ. ಇಯರ್‌ಫೋನ್‌ನಲ್ಲಿ ಕೇಳಿ: ಫೋನಿನ ಸ್ಪೀಕರ್‌ಗೆ 200 ಹರ್ಟ್ಜ್‌ಗಿಂತ ಕೆಳಗಿನ ನಾದ ಸರಿಯಾಗಿ ಹೊರಡಿಸಲು ಆಗುವುದಿಲ್ಲ.

ಜೊತೆಗೆ ಏನೇನು ಬೇಕು?

ಸಿಂಬೆ ಬೇಕು. ಕೊಡ ಹೊರಲು ಬಟ್ಟೆ ಸುತ್ತಿ ಮಾಡುವ ಸಿಂಬೆಯೇ ಸಾಕು, ಅಂಗಡಿಯ ರೇಷ್ಮೆ ದಿಂಬೇ ಆಗಬೇಕೆಂದಿಲ್ಲ. ಅದರ ವ್ಯಾಸ ಬಟ್ಟಲಿನ ತಳದಷ್ಟೇ ಇರಲಿ, ಗೋಡೆಗೆ ತಗುಲಿದರೆ ನಾದ ಕುಗ್ಗುತ್ತದೆ. ಕೋಲು ಎರಡು: ಬಡಿಯಲು ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಥವಾ ಉಣ್ಣೆ ಸುತ್ತಿದ್ದು, ಉಜ್ಜಲು ಒರಟು ಚರ್ಮ ಸುತ್ತಿದ ಗಟ್ಟಿಮರದ್ದು. ಬಟ್ಟಲಿನ ಜೊತೆ ಪುಕ್ಕಟೆ ಬರುವ ತೆಳು ಬೋಳು ಕೋಲು ಹೆಚ್ಚಿನ ಸಲ ಚಿಕ್ಕದಾಗಿರುತ್ತದೆ. ‘ಬಟ್ಟಲು ಸರಿಯಿಲ್ಲ’ ಎಂಬ ದೂರುಗಳಲ್ಲಿ ಅರ್ಧ ಈ ಕೋಲಿನ ತಪ್ಪು.

ಬಡಿಯುವ ಸರಿಯಾದ ರೀತಿ ಯಾವುದು?

ಮಣಿಕಟ್ಟು ಸಡಿಲವಾಗಿರಲಿ. ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ, ಹೊರಗೋಡೆಗೆ ಕೋಲಿನ ಮೆತ್ತನೆಯ ಭಾಗ ತಾಗಿಸಿ ತಕ್ಷಣ ಹಿಂದೆ ತೆಗೆಯಿರಿ. ಕೋಲು ಅಲ್ಲೇ ನಿಂತರೆ ತಾನೇ ಎಬ್ಬಿಸಿದ ನಾದವನ್ನು ತಾನೇ ಅಡಗಿಸುತ್ತದೆ. ಅಂಚಿನ ಮೇಲೆ ಬೋಳು ಮರದಿಂದ ಬಡಿಯಬೇಡಿ, ಕರ್ಕಶವಾದ ಎತ್ತರದ ಸ್ವರಗಳಷ್ಟೇ ಏಳುತ್ತವೆ. ಗಟ್ಟಿಯಾಗಿ ಬಡಿಯುವ ಅಗತ್ಯವೇ ಇಲ್ಲ. ಏಟು ಜೋರಾದರೆ ಮೊದಲ ಸದ್ದು ದೊಡ್ಡದಾಗುತ್ತದೆಯೇ ಹೊರತು ಉಳಿಯುವ ನಾದ ಅಷ್ಟೇನೂ ಉದ್ದವಾಗುವುದಿಲ್ಲ.

ಉಜ್ಜಿ ಹಾಡಿಸುವುದು ಹೇಗೆ?

ಬಲಗೈ ಬಳಸುವವರು ಬಟ್ಟಲನ್ನು ಎಡಗೈ ಮೇಲೆ ಇಟ್ಟುಕೊಳ್ಳಿ. ಅಂಗೈ ಚಪ್ಪಟೆಯಾಗಿರಲಿ, ಬೆರಳುಗಳು ಗೋಡೆಯ ಕಡೆ ಮಡಿಯಬಾರದು. ಬಟ್ಟಲು ಚಿಕ್ಕದಾದರೆ ಐದು ಬೆರಳ ತುದಿಗಳ ಮೇಲೆ ನಿಲ್ಲಿಸಿ. ಉಂಗುರ, ಬಳೆ, ವಾಚು ತೆಗೆದಿಡಿ.

ಕೋಲನ್ನು ಪೆನ್ನಿನಂತೆ ಹಿಡಿಯದೆ ಮುಷ್ಟಿಯಲ್ಲಿ, ಬಹುತೇಕ ನೆಟ್ಟಗೆ ಹಿಡಿಯಿರಿ, ಮೇಲ್ತುದಿ ಬಟ್ಟಲಿನ ಒಳಗಡೆಗೆ ತುಸು ವಾಲಲಿ. ಮೊದಲು ಒಮ್ಮೆ ಮೆಲ್ಲಗೆ ತಟ್ಟಿ, ಆ ನಾದ ಇರುವಾಗಲೇ ಕೋಲನ್ನು ಅಂಚಿನ ಹೊರಮೈಗೆ ಒತ್ತಿ ಸುತ್ತಲು ಆರಂಭಿಸಿ. ಮಣಿಕಟ್ಟಿನಿಂದ ಸುತ್ತಿದರೆ ಒತ್ತಡ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗುತ್ತದೆ, ಭುಜದಿಂದ ಇಡೀ ತೋಳು ಸುತ್ತಲಿ. ವೇಗ 12 ಸೆಂಟಿಮೀಟರಿನ ಬಟ್ಟಲಿಗೆ ಸೆಕೆಂಡಿಗೆ ಒಂದು ಸುತ್ತು, 20 ಸೆಂಟಿಮೀಟರಿನದಕ್ಕೆ ಎರಡು ಸೆಕೆಂಡಿಗೆ ಒಂದು ಸುತ್ತು. ಎರಡು ಮೂರು ಸುತ್ತು ಏನೂ ಕೇಳದೆ ಇರಬಹುದು. ಆಗ ಎಲ್ಲರೂ ವೇಗ ಹೆಚ್ಚಿಸುತ್ತಾರೆ, ಹೆಚ್ಚಿಸಬೇಕಾದ್ದು ಒತ್ತಡ. ನಾದ ತುಂಬಿದ ಮೇಲೆ ವೇಗ ಇನ್ನೂ ತಗ್ಗಿಸಿ. ದಿಕ್ಕು ಯಾವುದಾದರೂ ಆದೀತು, ಪ್ರದಕ್ಷಿಣೆಯೇ ಆಗಬೇಕೆನ್ನುವುದಕ್ಕೆ ನಾದದ ಕಡೆಯಿಂದ ಕಾರಣವಿಲ್ಲ.

ನಾದ ತುಂಬುತ್ತಿದ್ದಂತೆ ‘ಟರಟರ’ ಎಂದು ಕೋಲು ಅದುರುತ್ತದೆ. ಏನು ಮಾಡಲಿ?

ಅಂಚಿನ ಅಲುಗಾಟ ನಿಮ್ಮ ಒತ್ತಡವನ್ನು ಮೀರಿದೆ, ಅಂಚು ಕೋಲನ್ನು ಒದೆಯುತ್ತಿದೆ. ಒತ್ತಡ ಸ್ವಲ್ಪ ಹೆಚ್ಚಿಸಿ, ವೇಗ ಅರ್ಧಕ್ಕೆ ಇಳಿಸಿ. ಆಗಲೂ ನಿಲ್ಲದಿದ್ದರೆ ಕೋಲನ್ನು ಎತ್ತಿ, ನಾದ ತುಸು ಕುಗ್ಗಿದ ಮೇಲೆ ಮತ್ತೆ ಇಡಿ. ತೆಳು ಗೋಡೆಯ ಬಟ್ಟಲುಗಳಲ್ಲಿ ಇದು ಹೆಚ್ಚು.

ಕೀಚಲು ಸ್ವರವಷ್ಟೇ ಬಂದರೆ ಕೋಲು ತೀರಾ ಗಟ್ಟಿ ಅಥವಾ ಸಣ್ಣ: ಚರ್ಮ ಸುತ್ತಿದ, ದಪ್ಪನೆಯದಕ್ಕೆ ಬದಲಿಸಿ. ಏನೂ ಬರದಿದ್ದರೆ ಅಂಚಿನಲ್ಲಿ ಎಣ್ಣೆಯಂಶ ಇರಬಹುದು, ಕೋಲು ನುಣ್ಣಗಾಗಿರಬಹುದು. ಅಂಚನ್ನು ಒಣಬಟ್ಟೆಯಿಂದ ಒರೆಸಿ, ಮರದ ಕೋಲಾದರೆ ಮರಳುಕಾಗದದಿಂದ ಸವರಿ, ಚರ್ಮವಾದರೆ ಗಟ್ಟಿ ಬ್ರಷ್‌ನಿಂದ ಉಜ್ಜಿ. ಕೆಲವು ದೊಡ್ಡ ಜಾಂಬಾಟಿಗಳೂ, ಅಂಚು ಒರಟಾದ ಹಳೆಯ ಬಟ್ಟಲುಗಳೂ ಉಜ್ಜಿದರೆ ಹಾಡುವುದೇ ಇಲ್ಲ. ಅವು ಬಡಿಯಲಿಕ್ಕೆ ಸೈ, ಅದು ದೋಷವಲ್ಲ.

ಮನೆಯಲ್ಲಿ ಒಬ್ಬರೇ ಧ್ಯಾನಕ್ಕೆ ಬಳಸುವ ಸರಳ ಕ್ರಮ ಹೇಳಿ.

ಉಜ್ಜಬೇಡಿ, ಬಡಿಯಿರಿ. ಉಜ್ಜುವುದು ಕೈಗೆ ಕೆಲಸ. ಒತ್ತಡ, ವೇಗ ಗಮನಿಸುತ್ತಿದ್ದರೆ ಕೇಳುವುದು ಎಲ್ಲಿಂದ? ಫ್ಯಾನ್ ಆರಿಸಿ, ಬಟ್ಟಲನ್ನು ನೆಲದ ಮೇಲೆ ಸಿಂಬೆಯಲ್ಲಿ, ಕೈಗೆಟಕುವಂತೆ ಮಂಡಿಯ ಪಕ್ಕದಲ್ಲಿಟ್ಟು ಕುಳಿತುಕೊಳ್ಳಿ. ಕುರ್ಚಿಯಾದರೂ ಆದೀತು. ಒಮ್ಮೆ ತಟ್ಟಿ, ಕೈ ತೊಡೆಯ ಮೇಲೆ ಇಟ್ಟುಬಿಡಿ.

ಮೊದಲ ಕೆಲವು ಸೆಕೆಂಡಿನಲ್ಲಿ ಎತ್ತರದ ಸ್ವರಗಳು ಕರಗುತ್ತವೆ. ಆಮೇಲೆ ಮಿಡಿತ ಎದ್ದು ಕೇಳುತ್ತದೆ, ಅದೂ ಸಣ್ಣಗಾಗಿ ಕೊನೆಗೆ ತಗ್ಗಿನ ಒಂದೇ ಎಳೆ ಉಳಿಯುತ್ತದೆ. ಅದು ಮುಗಿಯಿತೋ ಇಲ್ಲವೋ ಎಂದು ಹೇಳಲಾಗದ ಒಂದು ಹಂತವಿದೆ, ಗಮನವನ್ನು ಅಲ್ಲಿಯವರೆಗೆ ಒಯ್ಯುವುದೇ ಅಭ್ಯಾಸ. ಮುಗಿದ ಮೇಲೆ ಮೂರು ಉಸಿರಿನಷ್ಟು ಹೊತ್ತು ಬರೀ ಮೌನವನ್ನು ಕೇಳಿ, ಮತ್ತೆ ತಟ್ಟಿ. 18 ಸೆಂಟಿಮೀಟರಿನ ಬಟ್ಟಲಿನಲ್ಲಿ ಹತ್ತು ನಿಮಿಷಕ್ಕೆ ಎಂಟು ಒಂಬತ್ತು ಬಡಿತ ಬೀಳುತ್ತವೆ. ನಡುವೆ ಮನಸ್ಸು ಬೇರೆಲ್ಲೋ ಹೋಗಿದ್ದು ಗೊತ್ತಾದರೆ ಗಡಿಬಿಡಿಯಲ್ಲಿ ಮತ್ತೆ ತಟ್ಟಬೇಡಿ, ನಾದ ಎಷ್ಟು ಉಳಿದಿದೆಯೋ ಅಲ್ಲಿಂದಲೇ ಹಿಡಿಯಿರಿ. ಎರಡು ವಾರದ ನಂತರ ಬಡಿತಗಳ ನಡುವಿನ ಮೌನವನ್ನು ಹಿಗ್ಗಿಸುತ್ತಾ ಬನ್ನಿ: ಮೂರು ಉಸಿರು, ಹತ್ತು ಉಸಿರು, ಕೊನೆಗೆ ಆರಂಭಕ್ಕೊಂದು ಬಡಿತ, ಮುಕ್ತಾಯಕ್ಕೊಂದು.

ಉಸಿರನ್ನು ಗಮನಿಸುವುದು ಕಷ್ಟ ಎನ್ನುವವರಿಗೆ ಈ ಕ್ರಮ ಹೆಚ್ಚು ಹೊಂದುತ್ತದೆ. ಉಸಿರಿಗೆ ಅಂತ್ಯವಿಲ್ಲ, ನಾದಕ್ಕೆ ಆದಿ ಅಂತ್ಯ ಎರಡೂ ಇವೆ, ಹಿಡಿಯಲು ಸುಲಭ.

ಮಲಗಿಸಿ ನುಡಿಸುವ ಗುಂಪಿನ ಕಾರ್ಯಕ್ರಮಕ್ಕೆ ಏನು ಗಮನಿಸಬೇಕು?

ಹೊಸಬರಿಗೆ 30–40 ನಿಮಿಷ ಸಾಕು. ಮೂರು ನಾಲ್ಕು ಬಟ್ಟಲು ಸಾಲುತ್ತವೆ, ಹದಿನೈದಿಪ್ಪತ್ತು ಇಟ್ಟರೆ ಸಂತೆಯಾಗುತ್ತದೆ. ದೊಡ್ಡದರಿಂದ, ಕಾಲ ಕಡೆಯಿಂದ ಆರಂಭಿಸಿ. ತಲೆಯಿಂದ ಒಂದು ಮೀಟರ್ ಆದರೂ ದೂರವಿರಲಿ, ಕಿವಿಯ ಪಕ್ಕ ಹಿಡಿದು ಬಡಿಯುವ ಪ್ರದರ್ಶನ ಬೇಡ. ಹಿಂದಿನ ನಾದ ಕುಗ್ಗಿದ ಮೇಲೆ ಮುಂದಿನದು. ಕೊನೆಯ ಐದು ನಿಮಿಷ ಮೌನ. ತಟ್ಟನೆ ಎಬ್ಬಿಸಬೇಡಿ, ಮೊದಲು ಮಗ್ಗುಲಾಗಿ, ಆಮೇಲೆ ಎದ್ದು ಕೂರಲು ಹೇಳಿ. ಮಲಗಿದವರು ಗೊರಕೆ ಹೊಡೆಯುತ್ತಾರೆ, ಅದಕ್ಕೆ ಮದ್ದಿಲ್ಲ. ಹೊದಿಕೆ ಮಾತ್ರ ಮರೆಯಬೇಡಿ, ಅಲುಗದೆ ಮಲಗಿದ ಮೈ ಬೇಗ ತಣ್ಣಗಾಗುತ್ತದೆ.

ಮೈಮೇಲೆ ಇಟ್ಟು ಬಡಿಸಿಕೊಳ್ಳಬಹುದೇ? ಯಾರಿಗೆ ಬೇಡ?

ಬಟ್ಟೆಯ ಮೇಲೆ, ಬೆನ್ನಿನ ಮಾಂಸಲ ಭಾಗ, ತೊಡೆ, ಅಂಗಾಲಿನಲ್ಲಿ ಇಡಬಹುದು. ಒಂದೂವರೆ ಕೆ.ಜಿ. ಒಳಗಿನ ಬಟ್ಟಲು, ಮೆತ್ತನೆಯ ಫೆಲ್ಟ್ ಕೋಲು, ಹಗುರ ಬಡಿತ. ಕತ್ತು, ತಲೆ, ಮೂಳೆ ಎದ್ದು ಕಾಣುವ ಜಾಗ ಬೇಡ. ಮೈಮೇಲಿಟ್ಟು ಉಜ್ಜುವುದು ಬೇಡವೇ ಬೇಡ, ಜಾರಿ ಬೀಳುತ್ತದೆ.

ಪೇಸ್‌ಮೇಕರ್ ಇರುವವರು, ಹೊಸದಾಗಿ ಶಸ್ತ್ರಚಿಕಿತ್ಸೆ ಆದವರು, ಮೂಳೆ ಮುರಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಗರ್ಭಿಣಿಯರು ಮೈಮೇಲೆ ಇಡಿಸಿಕೊಳ್ಳಬಾರದು. ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಕಾರ್ಯಕ್ರಮಕ್ಕೇ ಹೋಗಬೇಡಿ. ಕಿವಿಯಲ್ಲಿ ಸದಾ ಗುಂಯ್‌ಗುಡುವ ತೊಂದರೆ ಅಥವಾ ಸದ್ದು ಸಹಿಸಲಾಗದ ತೊಂದರೆ ಇರುವವರು ಬಾಗಿಲ ಬಳಿ ಕುಳಿತು ಸ್ವಲ್ಪ ಹೊತ್ತು ಕೇಳಿ ನೋಡಿ. ತೀವ್ರ ಮಾನಸಿಕ ಆಘಾತ ಅನುಭವಿಸಿದವರಿಗೆ ಕಣ್ಣುಮುಚ್ಚಿ ಜೋರು ನಾದದಲ್ಲಿ ಮಲಗುವುದೇ ದಿಗಿಲು ಹುಟ್ಟಿಸಬಹುದು. ಅಂಥವರು ಕಣ್ಣು ತೆರೆದು, ಕುಳಿತೇ ಕೇಳಬಹುದು, ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ನಡೆಸುವವರು ಮೊದಲೇ ಹೇಳಬೇಕು.

ರಕ್ತದೊತ್ತಡ, ಖಿನ್ನತೆ, ನಿದ್ರಾಹೀನತೆ ವಾಸಿಯಾಗುತ್ತದೆ ಎನ್ನುತ್ತಾರೆ. ಪುರಾವೆ ಇದೆಯೇ?

ಸ್ವಲ್ಪ ಇದೆ, ತೆಳುವಾಗಿದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 51 ಮಂದಿ 20 ನಿಮಿಷದ ವಿಶ್ರಾಂತಿಗೆ ಮೊದಲು 12 ನಿಮಿಷ ಬಟ್ಟಲಿನ ನಾದ ಕೇಳಿದಾಗ, ಬರೀ ಮೌನದಲ್ಲಿ ಕುಳಿತಾಗಿನದಕ್ಕಿಂತ ಮೇಲಿನ ರಕ್ತದೊತ್ತಡ ಮತ್ತು ಹೃದಯ ಬಡಿತ ಹೆಚ್ಚು ಇಳಿದವು. 2017ರ ಇನ್ನೊಂದರಲ್ಲಿ 62 ಮಂದಿ ನಾದಧ್ಯಾನದ ನಂತರ ಬಿಗುಪು, ಸಿಟ್ಟು, ದಣಿವು ಕಡಿಮೆಯಾಯಿತೆಂದರು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಅದರಲ್ಲಿರಲಿಲ್ಲ. ಒಂದು ಗಂಟೆ ಸುಮ್ಮನೆ ಮಲಗಿದ್ದರೂ ಅಷ್ಟೇ ಆಗುತ್ತಿತ್ತೋ ಏನೋ. 2020ರ ಒಂದು ಪರಿಶೀಲನೆ ಮಾನದಂಡಕ್ಕೆ ಹೊಂದುವ ನಾಲ್ಕೇ ಅಧ್ಯಯನಗಳನ್ನು ಕಂಡು, ಚಿಕಿತ್ಸೆಯಾಗಿ ಶಿಫಾರಸು ಮಾಡಲು ಇಷ್ಟು ಸಾಲದು ಎಂದಿತು. ಮೈಮನಸ್ಸು ಹಗುರಾಗಲು ಬಳಸಿ. ಬಿ.ಪಿ. ಮಾತ್ರೆ, ಖಿನ್ನತೆಯ ಔಷಧಿ ಇದನ್ನು ನಂಬಿ ನಿಲ್ಲಿಸಬೇಡಿ. ‘ಕ್ಯಾನ್ಸರ್ ಕಣಗಳನ್ನು ಕಂಪನದಿಂದ ಒಡೆಯುತ್ತೇವೆ’ ಎನ್ನುವವರಿಂದ ದೂರವಿರಿ.

ಏಳು ಚಕ್ರಕ್ಕೆ ಏಳು ಬಟ್ಟಲಿನ ಸೆಟ್, 432 ಹರ್ಟ್ಜ್ ಬಟ್ಟಲು ಕೊಳ್ಳಬೇಕೇ?

ಬೇಡ. ಚಕ್ರಗಳಿಗೆ ಸಿ, ಡಿ, ಇ ಎಂದು ಪಾಶ್ಚಾತ್ಯ ಸ್ವರಗಳನ್ನು ಹಂಚುವುದು ಇಪ್ಪತ್ತನೆಯ ಶತಮಾನದ ಹೊಂದಾಣಿಕೆ, ಟಿಬೆಟ್ಟಿನ ಪರಂಪರೆಯಲ್ಲೂ ಇಲ್ಲ, ನಮ್ಮ ತಂತ್ರಗ್ರಂಥಗಳಲ್ಲೂ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಬಟ್ಟಲಿನದೇ. ಅದರಿಂದ ಒಂದೇ ಸ್ವರ ಬರುವುದಿಲ್ಲ. ಮೂಲಸ್ವರದ ಮೇಲೆ ಅದರ ಸುಮಾರು 2.7–2.8 ಪಟ್ಟು ಒಂದು, ಐದು ಪಟ್ಟಿಗೂ ತುಸು ಹೆಚ್ಚು ಇನ್ನೊಂದು ಹೀಗೆ ಹಲವು ಸ್ವರಗಳು ಒಟ್ಟಿಗೇ ಏಳುತ್ತವೆ. ಫೆಲ್ಟ್ ಕೋಲಿನಲ್ಲಿ ಬಡಿದರೆ ಮೂಲಸ್ವರ ಮುಂದೆ ಬರುತ್ತದೆ, ಮರದ ಕೋಲಿನಲ್ಲಾದರೆ ಎರಡನೆಯದು. ಅಂಗಡಿಯವರು ಚೀಟಿಯಲ್ಲಿ ‘432’ ಎಂದು ಬರೆದದ್ದು ಇದರಲ್ಲಿ ಯಾವುದು?

ತಂಬೂರಿ ಶ್ರುತಿಗೆ ಹೊಂದುವ ಬಟ್ಟಲು ಸಿಗುತ್ತದೆಯೇ? ಸಂಗೀತ ಸಾಧನೆಗೆ ಬಳಸಬಹುದೇ?

ಮೂಲಸ್ವರ ನಿಮ್ಮ ಷಡ್ಜಕ್ಕೆ ಹೊಂದುವ ಬಟ್ಟಲನ್ನು ಹುಡುಕಿ ತರಬಹುದು. ಆದರೂ ತೊಂದರೆ ತೀರುವುದಿಲ್ಲ. ತಂಬೂರಿಯ ತಂತಿಯಲ್ಲಿ ಮೇಲ್ಸ್ವರಗಳು ಎರಡು ಪಟ್ಟು, ಮೂರು ಪಟ್ಟು ಎಂದು ಪೂರ್ಣಸಂಖ್ಯೆಯಲ್ಲಿ ಬರುವುದರಿಂದಲೇ ಷಡ್ಜ, ಪಂಚಮ, ಅಂತರ ಗಾಂಧಾರ ತಾವಾಗಿ ಹೊಮ್ಮುತ್ತವೆ. ಬಟ್ಟಲಿನ 2.75 ಪಟ್ಟು ಎಂದರೆ ಮೇಲಿನ ಸ್ಥಾಯಿಯಲ್ಲಿ ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ಬೀಳುವ ಸ್ವರ. ಪಂಚಮದ ಪಕ್ಕದಲ್ಲಿ ಅದು ಮುಳ್ಳಿನ ಹಾಗೆ. ಹಾಡುವ ಮುಂಚೆ ಮನಸ್ಸು ನಿಲ್ಲಿಸಲು ಒಂದೆರಡು ಬಡಿತ ಸರಿ, ಶ್ರುತಿಗೆ ತಂಬೂರಿಯೇ ಇರಲಿ.

ಗಾಜಿನಂತೆ ಬೆಳ್ಳಗಿರುವ ಕ್ರಿಸ್ಟಲ್ ಬೌಲ್ ಇದಕ್ಕಿಂತ ಉತ್ತಮವೇ?

ಅದು ಬೇರೆಯೇ ವಸ್ತು, ಸ್ಫಟಿಕದ ಪುಡಿಯನ್ನು ಅಚ್ಚಿನಲ್ಲಿ ಕರಗಿಸಿ ಮಾಡಿದ್ದು. ಸೆಮಿಕಂಡಕ್ಟರ್ ಉದ್ಯಮಕ್ಕಾಗಿ ಮಾಡುತ್ತಿದ್ದ ಮೂಸೆಗಳಿಂದ ಬಂದ ಹೊಸ ಕಾಲದ ವಾದ್ಯ. ನಾದ ಶುದ್ಧ, ಒಂದೇ ಎಳೆ, ತುಂಬಾ ಜೋರು. ಚಿಕ್ಕ ಕೋಣೆಯಲ್ಲಿ ಎರಡು ಒಟ್ಟಿಗೆ ಉಜ್ಜಿದರೆ ಕಿವಿ ನೋಯುತ್ತದೆ. ಸಿಲಿಕೋನ್ ಅಥವಾ ಚರ್ಮದ ಕೋಲು ಮಾತ್ರ ಬಳಸಿ. ನಾದ ತುಂಬಿದ ಮೇಲೂ ಉಜ್ಜುತ್ತಲೇ ಇದ್ದರೆ ಬಟ್ಟಲು ಸೀಳಬಹುದು.

ನೀರು ಹಾಕಿ ನುಡಿಸಬಹುದೇ?

ಬಹುದು. ಮೂರನೇ ಒಂದು ಭಾಗದವರೆಗೆ ನೀರು ತುಂಬಿ ಉಜ್ಜಿದರೆ ಮೊದಲು ಅಂಚಿನ ಬಳಿ ಸಣ್ಣ ಅಲೆಗಳು, ಆಮೇಲೆ ನಾಲ್ಕು ಕಡೆ ಹನಿಗಳ ಕಾರಂಜಿ ಏಳುತ್ತದೆ. ಅಂಚು ಹೆಚ್ಚು ಅಲುಗುವ ಆ ನಾಲ್ಕು ಜಾಗಗಳು ಕಣ್ಣಿಗೇ ಕಾಣುತ್ತವೆ. ಹನಿಗಳು ನೀರಿನ ಮೇಲೆಯೇ ಪುಟಿಯುತ್ತಾ ಜಾರುವುದನ್ನು ಟೆರ್ವಾಗ್ನ್ ಮತ್ತು ಬುಷ್ ಎಂಬ ಭೌತವಿಜ್ಞಾನಿಗಳು 2011ರಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. ನೀರಿನ ಭಾರಕ್ಕೆ ಶ್ರುತಿ ಇಳಿಯುತ್ತದೆ, ಬಟ್ಟಲನ್ನು ಓರೆ ಮಾಡಿದರೆ ಸ್ವರ ಜಾರುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆ ನೀರನ್ನು ‘ತೀರ್ಥ’ ಎಂದು ಕುಡಿಯಬೇಡಿ. ಊಟದ ಪಾತ್ರೆಯೆಂದು ಖಾತ್ರಿ ಇಲ್ಲದ ಬಟ್ಟಲಿನಲ್ಲಿ ಸೀಸ ಬೆರೆತಿದ್ದರೂ ನೋಟಕ್ಕೆ ತಿಳಿಯದು. ನುಡಿಸಿದ ಮೇಲೆ ನೀರು ಚೆಲ್ಲಿ ಕೂಡಲೇ ಒರೆಸಿ.

ತೊಳೆಯುವುದು, ಇಡುವುದು ಹೇಗೆ?

ಸಾಮಾನ್ಯವಾಗಿ ಒಣಬಟ್ಟೆ ಸಾಕು. ಬೆವರಿನ ಕೈಗುರುತು ಹಾಗೇ ಬಿಟ್ಟರೆ ಕಲೆಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣಿನ ರಸ ಸವರಿ ಒಂದೆರಡು ನಿಮಿಷಕ್ಕೇ ತೊಳೆದು, ಪೂರ್ತಿ ಒಣಗಿಸಿ. ರಾತ್ರಿಯಿಡೀ ನೆನೆಹಾಕಬೇಡಿ, ಸ್ಟೀಲ್ ನಾರು ಬೇಡ. ಹಳೆಯ ಬಟ್ಟಲಿನ ಕಂದು ಬಣ್ಣ ಕಿಲುಬಲ್ಲ, ಅದನ್ನು ಉಜ್ಜಿ ಹೊಳೆಸಿದರೆ ಬೆಲೆ ಇಳಿಯುತ್ತದೆಯೇ ಹೊರತು ನಾದ ಏರುವುದಿಲ್ಲ. ಬಣ್ಣ ಬಳಿದ ಬಟ್ಟಲಿಗೆ ಹುಳಿ ತಾಗಿಸಲೇಬೇಡಿ.

ಒಂದರೊಳಗೊಂದು ಪೇರಿಸುವುದಾದರೆ ನಡುವೆ ಬಟ್ಟೆ ಇಡಿ. ಪ್ರಯಾಣದಲ್ಲಿ ಕೋಲನ್ನು ಬಟ್ಟಲಿನೊಳಗೆ ಹಾಕಿ ಸುತ್ತಬೇಡಿ, ಅಲುಗಾಡಿ ಬಡಿಯುತ್ತದೆ.

ಕೈಜಾರಿ ಬಿತ್ತು. ಈಗ ಒಡಕು ಮಡಕೆ ತಟ್ಟಿದಂತೆ ಸದ್ದು. ಬೆಸುಗೆ ಹಾಕಿಸಬಹುದೇ?

ಅದು ಬಿರುಕು. ಅಂಚಿಗೆ ತುಸು ಅರಿಶಿನ ಪುಡಿ ಉಜ್ಜಿ ಒರೆಸಿದರೆ ಗೆರೆ ಕಾಣುತ್ತದೆ. ಬೆಸುಗೆ ಹಾಕಿಸಿದರೆ ಪಾತ್ರೆ ಸೋರುವುದು ನಿಲ್ಲಬಹುದು, ನಾದ ಮರಳುವುದಿಲ್ಲ. ಕಾಯಿಸಿದ ಜಾಗದಲ್ಲಿ ಕಂಚಿನ ರಚನೆಯೇ ಬದಲಾಗಿ ಪಕ್ಕದಲ್ಲಿ ಇನ್ನೊಂದು ಕಡೆ ಸೀಳುವುದೂ ಉಂಟು. ಬಿರುಕು ಅಂಚಿನಿಂದ ಒಂದು ಸೆಂಟಿಮೀಟರ್ ಒಳಗಿದ್ದರೆ, ಅದರ ತುದಿಯಲ್ಲಿ ಚಿಕ್ಕ ರಂಧ್ರ ಕೊರೆಸಿ ಮುಂದುವರಿಯುವುದನ್ನು ತಡೆಯಬಹುದು. ‘ಝರ್’ ಎನ್ನುವುದು ಮಾತ್ರ ಉಳಿಯುತ್ತದೆ. ಕಂಚಿಗೆ ಗುಜರಿಯಲ್ಲೂ ಒಳ್ಳೆಯ ಬೆಲೆ ಇದೆ, ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ.